ಕಳ್ಳನೂ ತಳವಾರನೂ

ಬಂಗಾಳದ ಮಕ್ಕಳು ಒಂದು ವಿಷಯದಲ್ಲಿ ನಮ್ಮ ಮಕ್ಕಳಿಗಿಂತ ಭಾಗ್ಯವಂತರು. ಅವರ ಪುಸ್ತಕಗಳಲ್ಲಿ ಹೆಸರುಳ್ಳ ದರೋಡೆಕೋರರಿದ್ದಾರೆ. ಯಾರ ಮನೆಗೆ ಯಾವ ರಾತ್ರಿ ಬರುತ್ತೇನೆಂದು ಮುಂಗಡವಾಗಿ ಕಾಗದ ಬರೆದು ತಿಳಿಸಿ, ಕಾಳಿಗೆ ಪೂಜೆ ಸಲ್ಲಿಸಿ, ದೀವಟಿಗೆ ಹಿಡಿದು ಹೊರಡುವ ರಘು ಡಾಕಾತನ ಕಥೆಗಳು ಅಲ್ಲಿ ಮನೆಮಾತು. ನದಿಯಾ ಸೀಮೆಯ ವಿಶ್ವನಾಥ ಸರ್ದಾರನನ್ನು ಜನ ಬಿಶೆ ಡಾಕಾತ ಎಂದು ಕರೆದರು. ನೀಲಿ ಬೆಳೆಸುತ್ತಿದ್ದ ಬಿಳಿಯ ದೊರೆಯೊಬ್ಬನ ಮನೆಗೆ ನುಗ್ಗಿದ ಈತನನ್ನು ೧೮೦೮ರಲ್ಲಿ ಗಲ್ಲಿಗೇರಿಸಿದರು. ಬಂಕಿಮಚಂದ್ರರ ‘ದೇವಿ ಚೌಧುರಾಣಿ’ಯ (೧೮೮೪) ಭವಾನಿ ಪಾಠಕನೂ ಬರಿಯ ಕಲ್ಪನೆಯಲ್ಲ, ೧೭೮೦ರ ದಶಕದ ಕಂಪನಿ ಸರಕಾರದ ಕಾಗದಪತ್ರಗಳಲ್ಲಿ ಅವನ ಹೆಸರಿದೆ. ಇಂಥವರ ಕಥೆಗಳನ್ನು ಒಟ್ಟುಗೂಡಿಸಿ ಯೋಗೇಂದ್ರನಾಥ ಗುಪ್ತರು ‘ಬಾಂಗ್ಲಾರ್ ಡಾಕಾತ್’ ಎಂಬ ಪುಸ್ತಕವನ್ನೇ ಬರೆದರು.

ದೊಡ್ಡ ಲೇಖಕರೂ ಈ ಡಾಕಾತರನ್ನು ದೂರವಿಡಲಿಲ್ಲ. ರವೀಂದ್ರನಾಥ ಠಾಕೂರರು ೧೮೮೧ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ‘ವಾಲ್ಮೀಕಿ ಪ್ರತಿಭಾ’ ಎಂಬ ಗೀತನಾಟಕವನ್ನು ರಚಿಸಿ ದರೋಡೆಕೋರ ವಾಲ್ಮೀಕಿಯ ಪಾತ್ರವನ್ನು ತಾವೇ ವಹಿಸಿದರು. ೧೯೦೩ರ ‘ಶಿಶು’ ಸಂಕಲನದ ‘ವೀರಪುರುಷ’ ಕವಿತೆಯಲ್ಲಿ ಪುಟ್ಟ ಹುಡುಗನೊಬ್ಬ ತಾಯಿಯ ಪಾಲಕಿಯ ಮಗ್ಗುಲಲ್ಲಿ ಕುದುರೆಯೇರಿ ಹೊರಟು, ಕತ್ತಲಲ್ಲಿ ಮೇಲೆ ಬಿದ್ದ ಡಾಕಾತರನ್ನೆಲ್ಲ ತನ್ನ ಕಲ್ಪನೆಯಲ್ಲಿಯೇ ಸದೆಬಡಿಯುತ್ತಾನೆ. ಇನ್ನು ಲೀಲಾ ಮಜುಂದಾರರ ‘ಪದಿ ಪಿಶಿರ್ ಬರ್ಮಿ ಬಾಕ್ಶೊ’ (೧೯೫೩) ಎಂಬ ಮಕ್ಕಳ ಕಾದಂಬರಿಯಂತೂ ತೀರ ಸ್ವಾರಸ್ಯವಾದದ್ದು. ಪದಿ ಎಂಬ ಗಟ್ಟಿಗಿತ್ತಿ ಸೋದರತ್ತೆ ಎತ್ತಿನ ಗಾಡಿಯಲ್ಲಿ ಕಾಡು ದಾಟಿ ನಿಮಾಯಿ ಚಿಕ್ಕಪ್ಪನ ಮನೆಗೆ ಹೊರಡುತ್ತಾಳೆ. ದಾರಿಯಲ್ಲಿ ಡಾಕಾತರು ಅಡ್ಡಗಟ್ಟುತ್ತಾರೆ. ಅವರನ್ನು ಗದರಿಸಿ ಓಡಿಸಿ ಚಿಕ್ಕಪ್ಪನ ಮನೆ ಸೇರಿದರೆ, ಆ ಡಾಕಾತರ ಸರದಾರ ನಿಮಾಯಿ ಚಿಕ್ಕಪ್ಪನೇ ಎಂಬುದು ಬಯಲಾಗುತ್ತದೆ! ಅತ್ತೆಯ ಬಾಯಿ ಮುಚ್ಚಿಸುವುದಕ್ಕೆ ಅವನು ಕೊಟ್ಟ ಒಡವೆಯ ಪೆಟ್ಟಿಗೆಯೇ ಆ ಬರ್ಮಾ ಪೆಟ್ಟಿಗೆ.

ನಗಿಸುವುದಕ್ಕಾಗಿ ಬರೆದ ಪುಸ್ತಕವೇನೋ ಹೌದು. ಆದರೆ ನಗುವಿನ ಒಳಗೆ ಒಂದು ತಿಳಿವಳಿಕೆ ಅಡಗಿದೆ. ಡಾಕಾತನೆಂದರೆ ಎಲ್ಲಿಂದಲೋ ಇಳಿದು ಬಂದ ರಾಕ್ಷಸನಲ್ಲ. ಅವನಿಗೂ ಹಗಲು ಹೊತ್ತಿನಲ್ಲಿ ಒಂದು ಮನೆ, ಒಂದು ಮರ್ಯಾದೆ, ಬಂದುಹೋಗುವ ನೆಂಟರು ಇರುತ್ತಾರೆ. ಬಂಗಾಳಿಯಲ್ಲಿರುವುದೆಲ್ಲ ಚೊಕ್ಕ ಚಿನ್ನವೆಂದು ನಾನು ಹೇಳುವುದಿಲ್ಲ. ದೀವಟಿಗೆಯನ್ನೂ ಕಾಳಿಯನ್ನೂ ಬಣ್ಣಿಸಿ ಮಕ್ಕಳ ಮೈ ಜುಮ್ಮೆನ್ನಿಸಿದರೆ ಸಾಕೆಂಬ ಬರಹ ಅಲ್ಲಿಯೂ ಹೇರಳವಾಗಿದೆ. ಆದರೂ ದರೋಡೆಕೋರನನ್ನು ದರೋಡೆಕೋರನಾಗಿಯೇ ಒಳಗೆ ಕರೆದು ಕೂರಿಸುವಷ್ಟು ಜಾಗ ಆ ಸಾಹಿತ್ಯದಲ್ಲಿದೆ. ಕನ್ನಡದ ಶಿಶುಸಾಹಿತ್ಯದಲ್ಲಿ ಆ ಜಾಗ ಏಕೆ ಕಾಣುತ್ತಿಲ್ಲವೆಂಬುದು ನನ್ನ ಪ್ರಶ್ನೆ.

ಬಂಗಾಳದ ಸಂಪರ್ಕ ನಮಗಿಲ್ಲದೆ ಇಲ್ಲ. ಬಂಕಿಮರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಒಂದು ಶತಮಾನಕ್ಕೂ ಹಿಂದೆಯೇ ಕನ್ನಡಿಸಿದರು. ನಮ್ಮ ಅಜ್ಜ ಅಜ್ಜಿಯರು ಅವನ್ನು ದೀಪದ ಬೆಳಕಿನಲ್ಲಿ ಓದಿದರು. ಆದರೆ ಅದು ದೊಡ್ಡವರ ಓದಾಯಿತು. ನಮ್ಮ ಹುಡುಗರ ಕೈಗೆ ಸಿಕ್ಕುವ ಕಳ್ಳರು ಎರಡು ತರದವರು. ಮೊದಲನೆಯವನು ಹೆಸರಿಲ್ಲದ ಕಳ್ಳ. ಆಲಿಬಾಬನ ನಲವತ್ತು ಮಂದಿಯಲ್ಲಿ ಒಬ್ಬನೋ, ೧೯೪೯ರಿಂದ ಕನ್ನಡದಲ್ಲಿಯೂ ಬರತೊಡಗಿ ಎರಡು ಮೂರು ತಲೆಮಾರಿನ ಮಕ್ಕಳನ್ನು ಸಾಕಿದ ‘ಚಂದಮಾಮ’ದ ಯಾವುದೋ ರಾಜ್ಯದ ಯಾವುದೋ ಊರಿನಲ್ಲಿ ಕನ್ನ ಕೊರೆಯಲು ಹೋಗಿ ಸಿಕ್ಕಿಬೀಳುವ ಪೆದ್ದನೋ ಆಗಿರುತ್ತಾನೆ. ಅವನಿಗೆ ಊರಿಲ್ಲ, ತಾಯಿತಂದೆಯಿಲ್ಲ, ಹಸಿವೂ ಇಲ್ಲ. ಎರಡನೆಯವನು ಕಳವೇ ಇಲ್ಲದ ವೀರ. ಖಜಾನೆಯನ್ನು ಲೂಟಿ ಮಾಡಿದ, ಸಾಹುಕಾರರ ಹಣ ಕಿತ್ತುಕೊಂಡ, ಕಚೇರಿಗೆ ಬೆಂಕಿಯಿಟ್ಟ ನಮ್ಮ ಚರಿತ್ರೆಯ ನಿಜವಾದ ಬಂಡುಕೋರರು ಮಕ್ಕಳ ಪುಸ್ತಕಕ್ಕೆ ಬರುವ ಹೊತ್ತಿಗೆ ಮಿಂದು ಮಡಿಯುಟ್ಟು ದೇಶಭಕ್ತರಾಗಿ ಬರುತ್ತಾರೆ. ಒಬ್ಬ ಹುಟ್ಟು ಕಳ್ಳ, ಇನ್ನೊಬ್ಬ ಹುಟ್ಟು ವೀರ. ಒಬ್ಬ ಮನುಷ್ಯ ಹೇಗೆ ದರೋಡೆಕೋರನಾದನೆಂಬ ನಡುವಣ ಕಥೆಯನ್ನು ಇಬ್ಬರ ಪುಸ್ತಕವೂ ಹೇಳುವುದಿಲ್ಲ.

ಹಳಗನ್ನಡ ಈ ವಿಷಯದಲ್ಲಿ ಇಷ್ಟು ಮಡಿವಂತವಾಗಿರಲಿಲ್ಲ. ಸಾವಿರ ವರ್ಷದಷ್ಟು ಹಳೆಯದಾದ ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರನ ಕಥೆಯಿದೆ. ವಿದ್ಯುಚ್ಚೋರನೂ ಯಮದಂಡನೂ ಬಾಲ್ಯದ ಗೆಳೆಯರು. ಒಬ್ಬ ಕಳ್ಳನಾಗುತ್ತಾನೆ, ಇನ್ನೊಬ್ಬ ಊರು ಕಾಯುವ ತಳವಾರನಾಗುತ್ತಾನೆ. ನೀನು ಕಾಯುವ ಊರಿನಲ್ಲಿಯೇ ಕದಿಯುತ್ತೇನೆಂಬ ಹಳೆಯ ಮಾತನ್ನು ಉಳಿಸಿಕೊಳ್ಳಲು ವಿದ್ಯುಚ್ಚೋರ ಮಿಥಿಲೆಗೆ ಬರುತ್ತಾನೆ. ಹಗಲೆಲ್ಲ ಕುಷ್ಠರೋಗಿಯ ವೇಷದಲ್ಲಿ ಹಾಳು ಗುಡಿಯಲ್ಲಿ ಬಿದ್ದಿದ್ದು ರಾತ್ರಿ ಅರಸನ ಹಾರವನ್ನು ಕದಿಯುತ್ತಾನೆ. ಯಮದಂಡನಿಗೆ ಸಿಕ್ಕಿಬಿದ್ದಾಗ ಮೂವತ್ತೆರಡು ಬಗೆಯ ಹಿಂಸೆಯನ್ನು ಕೊಟ್ಟರೂ ಒಪ್ಪಿಕೊಳ್ಳುವುದಿಲ್ಲ. ಕೊನೆಗೆ ಅವನೇ ತಪಸ್ಸಿಗೆ ಹೋಗಿ ರಿಸಿಯಾಗುತ್ತಾನೆ. ಜೈನಧರ್ಮದ ಬೋಧೆಗಾಗಿ ಹುಟ್ಟಿದ ಕಥೆ, ನಿಜ. ಆದರೆ ಕಥೆಗಾರನಿಗೆ ಕಳ್ಳನ ವಿದ್ಯೆಯ ಮೇಲೆ ಎಷ್ಟು ಪ್ರೀತಿ! ಅದಕ್ಕಿಂತ ಮುಖ್ಯವಾಗಿ, ಕಳ್ಳನೂ ತಳವಾರನೂ ಒಂದೇ ಅಂಗಳದಲ್ಲಿ ಆಡಿ ಬೆಳೆದವರೆಂಬ ಲೋಕಜ್ಞಾನ ಎಷ್ಟು ಆಳವಾದದ್ದು! ಹನ್ನೆರಡನೆಯ ಶತಮಾನದ ಶರಣರ ನಡುವೆಯೂ ಕನ್ನ ಕೊರೆಯುವ ಕಸುಬಿನಿಂದ ಬಂದ ಕನ್ನದ ಮಾರಿತಂದೆಯಿದ್ದಾನೆ. ಹಳೆಯ ಕಸುಬನ್ನು ಅವನ ಹೆಸರಿನಿಂದ ಯಾರೂ ಒರೆಸಿ ಹಾಕಲಿಲ್ಲ.

ವಿದ್ಯುಚ್ಚೋರ ಮತ್ತು ಯಮದಂಡರ ಗೆಳೆತನ ಕಥೆಯಲ್ಲಿ ಮಾತ್ರ ಇದ್ದದ್ದಲ್ಲ; ನಮ್ಮ ಚರಿತ್ರೆಯಲ್ಲಿಯೂ ಇತ್ತು. ನನ್ನ ಊರು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ. ಆಂಧ್ರದ ಗಡಿಗೆ ಹತ್ತಿರದ, ಕನ್ನಡ ತೆಲುಗು ಎರಡೂ ಕಿವಿಗೆ ಬೀಳುವ ಸೀಮೆ. ೧೯೫೩ರ ಅಕ್ಟೋಬರ್ ಒಂದರವರೆಗೆ ಇದು ಮದರಾಸು ರಾಜ್ಯದಲ್ಲಿತ್ತು. ಅಂದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ನಾವು ಮೈಸೂರಿಗೆ ಬಂದೆವು. ಅದಕ್ಕೂ ಹಿಂದೆ, ೧೮೦೦ರಲ್ಲಿ, ನಿಜಾಮನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ದತ್ತ ಮಂಡಲದ ಭಾಗ ಇದು. ಈ ಸೀಮೆಯ ಹಳ್ಳಿಗಳಲ್ಲಿ ಊರು ಕಾಯುವವರಿಗೆ ಸಂಬಳವಿರಲಿಲ್ಲ, ಭೂಮಿಯಿತ್ತು. ತಳವಾರಿಕೆಗೆ ಮಾನ್ಯದ ಹೊಲ. ಪಾಳೆಯಗಾರನ ಕರೆಗೆ ಕತ್ತಿ ಹಿಡಿದು ಹೋಗುವ ಕಟ್ಟುಬಡಿಯವನಿಗೆ ಹಗುರವಾದ ಕಂದಾಯದ ನೆಲ. ಆ ಕೆಲಸಕ್ಕೆ ಬೇಡರು, ಬೋಯರು ಬಹಳ ಮಂದಿ. ಕಾವಲು ಸಡಿಲವಾದ ವರ್ಷ ಕಾಯುವವನೇ ಕದಿಯುತ್ತಿದ್ದನೆಂಬುದೂ ಹಳ್ಳಿಗೆ ಗೊತ್ತಿತ್ತು. ಕಳವಾದದ್ದನ್ನು ಪತ್ತೆಹಚ್ಚುವ ಹೊಣೆಯೂ ಅವನದೇ ಆಗಿತ್ತು.

ದತ್ತ ಮಂಡಲಕ್ಕೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ೧೮೦೭ರವರೆಗೆ ಇಲ್ಲಿದ್ದ. ಎಂಬತ್ತರಷ್ಟು ಪಾಳೆಯಗಾರರನ್ನು ಅಡಗಿಸಿ, ಅವರಲ್ಲಿ ಹಲವರನ್ನು ಹೊರಹಾಕಿ, ಹೊಲಹೊಲವನ್ನೂ ಅಳೆಸಿ ರೈತನ ಹೆಸರಿಗೆ ಕಂದಾಯ ಕಟ್ಟಿದ. ಪಾಳೆಯಗಾರರ ಸುಲಿಗೆಯಿಂದ ಬಿಡುಗಡೆ ಹೊಂದಿದ ರೈತರು ಅವನನ್ನು ಕೊಂಡಾಡಿದರು. ಅವನ ಹೆಸರನ್ನು ಮಕ್ಕಳಿಗೆ ಇಟ್ಟವರೂ ಉಂಟಂತೆ. ಆದರೆ ಪಾಳೆಯಗಾರನನ್ನು ನಂಬಿ ಕತ್ತಿ ಹಿಡಿದಿದ್ದವನ ಗತಿಯೇನು? ಒಡೆಯನಿಲ್ಲ, ಕಾಯುವ ಕೋಟೆಯಿಲ್ಲ. ಮುಂದೆ ಮಾನ್ಯದ ನೆಲವೂ ಒಂದೊಂದಾಗಿ ಸರಕಾರದ ಲೆಕ್ಕಕ್ಕೆ ಸೇರಿತು. ಉಳಿದದ್ದು ಕೈಯಲ್ಲಿದ್ದ ಆಯುಧ ಮತ್ತು ರಾತ್ರಿಯ ದಾರಿಗಳ ಪರಿಚಯ. ಪಕ್ಕದ ಕರ್ನೂಲು ಸೀಮೆಯಲ್ಲಿ ೧೮೪೬ರಲ್ಲಿ ಉಯ್ಯಾಲವಾಡ ನರಸಿಂಹಾರೆಡ್ಡಿ ಎದ್ದಾಗ ಅವನ ಹಿಂದೆ ನಿಂತವರಲ್ಲಿ ಹೀಗೆ ನೆಲ ಕಳೆದುಕೊಂಡ ಕಟ್ಟುಬಡಿಯವರು ಇದ್ದರು. ಅವನು ಖಜಾನೆ ದೋಚಿದ. ೧೮೪೭ರಲ್ಲಿ ಕೋಯಿಲಕುಂಟ್ಲದಲ್ಲಿ ಅವನನ್ನು ಗಲ್ಲಿಗೇರಿಸಿ, ನೋಡಿದವರು ಹೆದರಲೆಂದು ತಲೆಯನ್ನು ವರ್ಷಾನುಗಟ್ಟಲೆ ಕೋಟೆಯ ಮೇಲೆ ತೂಗಿಬಿಟ್ಟರು. ೨೦೧೯ರಲ್ಲಿ ಚಿತ್ರವಾಗಿ ಬಂದ ಅವನ ಕಥೆಯನ್ನು ನಮ್ಮ ಕಡೆಯ ಮಕ್ಕಳೂ ನೋಡಿದರು. ಕತ್ತಿ, ಕುದುರೆ, ಘೋಷಣೆ ಎಲ್ಲವೂ ಅವರ ನೆನಪಿನಲ್ಲಿ ಉಳಿಯಿತು. ಕಟ್ಟುಬಡಿಯ ನೆಲದ ಮಾತು ಉಳಿಯಲಿಲ್ಲ.

ಕಿತ್ತೂರು ಸೀಮೆಯ ಸಂಗೊಳ್ಳಿ ರಾಯಣ್ಣನ ಕಥೆಯ ಬೇರೂ ಇಲ್ಲಿಯೇ ಇದೆ. ಅವನು ಕಿತ್ತೂರಿನ ಶೇತಸನದಿ. ಸಂಸ್ಥಾನಕ್ಕೆ ಸಿಪಾಯಿಯಾಗಿ ದುಡಿಯುವುದಕ್ಕೆ ಸನದು ಪಡೆದು ಹೊಲ ಉಣ್ಣುವವನೆಂದು ಆ ಮಾತಿನ ಅರ್ಥ. ೧೮೨೪ರಲ್ಲಿ ಕಿತ್ತೂರು ಬಿದ್ದ ಮೇಲೆ ಆ ಹೊಲಗಳಿಗೆ ಹೊಸ ಕಂದಾಯ ಬಂದಿತು, ಕೆಲವು ಕೈಬಿಟ್ಟೂ ಹೋದವು. ೧೮೩೦ರ ಆರಂಭದಲ್ಲಿ ರಾಯಣ್ಣನ ಗುಂಪು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಸುಟ್ಟದ್ದು ಮುಖ್ಯವಾಗಿ ಕಾಗದಗಳನ್ನು, ಅಂದರೆ ಯಾರ ಹೊಲ ಯಾರದೆಂದು, ಯಾರು ಎಷ್ಟು ಕೊಡಬೇಕೆಂದು ಬರೆದಿಟ್ಟ ಲೆಕ್ಕದ ಪುಸ್ತಕಗಳನ್ನು. ದಂಡು ಕಟ್ಟುವುದಕ್ಕೆ ಬೇಕಾದ ಹಣವನ್ನು ಖಜಾನೆಯಿಂದಲೂ ಸಿರಿವಂತ ಜಮೀನುದಾರರಿಂದಲೂ ಎತ್ತಿದ. ಅದೇ ವರ್ಷ ನಮ್ಮವರೇ ಹಿಡಿದುಕೊಟ್ಟರು; ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಾಯಿತು.

ರಾಯಣ್ಣನನ್ನು ಕುರಿತು ಮಕ್ಕಳಿಗಾಗಿ ಬಂದ ನಾಲ್ಕೈದು ಪುಸ್ತಕಗಳನ್ನು ಈಚೆಗೆ ಒಟ್ಟಿಗೆ ಇಟ್ಟುಕೊಂಡು ಓದಿದೆ. ಬೇರೆ ಬೇರೆ ಕೈ ಬರೆದವಾದರೂ ಅಚ್ಚು ಒಂದೇ. ಹುಡುಗ ಗರಡಿಮನೆಯಲ್ಲಿ ಬೆಳೆಯುತ್ತಾನೆ, ರಾಣಿ ಚೆನ್ನಮ್ಮನಿಗೆ ಬಾಗುತ್ತಾನೆ, ಪರಕೀಯರನ್ನು ಕಂಡು ಕಣ್ಣು ಕೆಂಪಾಗಿಸುತ್ತಾನೆ, ದ್ರೋಹಕ್ಕೆ ಬಲಿಯಾಗುತ್ತಾನೆ. ನಂದಗಡದ ಆಲದ ಮರದಡಿಯಲ್ಲಿ ಕಥೆ ಮುಗಿಯುತ್ತದೆ. ಹೊಲದ ಮಾತು ಒಂದು ಸಾಲಿನಲ್ಲಿ ಬಂದರೆ ಬಂದೀತು. ಲೆಕ್ಕದ ಪುಸ್ತಕಗಳನ್ನು ಏಕೆ ಸುಟ್ಟನೆಂದು ಮಗು ಕೇಳಿದರೆ ಪುಸ್ತಕದಲ್ಲಿ ಉತ್ತರವಿಲ್ಲ. ಹಣ ಕೊಟ್ಟ ಸಿರಿವಂತರು ಸಂತೋಷದಿಂದ ಕೊಟ್ಟರೋ ಅಥವಾ ಬಾಗಿಲು ಒಡೆದ ಮೇಲೆ ಕೊಟ್ಟರೋ ಎಂದು ಕೇಳಿದರೂ ಉತ್ತರವಿಲ್ಲ. ಲೇಖಕರ ಭಕ್ತಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ಭಕ್ತಿಯ ಭರದಲ್ಲಿ ಕಾರಣವನ್ನು ಕಳೆದುಬಿಟ್ಟದ್ದಕ್ಕೆ ತಕರಾರು. ಕಾರಣವನ್ನು ಕಳೆದ ಮೇಲೆ ಉಳಿಯುವ ರಾಯಣ್ಣ ಕ್ಯಾಲೆಂಡರಿನ ಚಿತ್ರಕ್ಕೆ ಒಪ್ಪುತ್ತಾನೆ. ಹತ್ತು ವರ್ಷದ ಹುಡುಗನ ಜೊತೆ ಮಾತಾಡುವುದಿಲ್ಲ.

ಇದಕ್ಕೆ ಅಪವಾದವಾಗಿ ಒಂದು ಒಳ್ಳೆಯ ಬರಹ ನಮ್ಮ ಮಕ್ಕಳ ಕೈ ಸೇರಿದೆ. ಅದು ಮಕ್ಕಳಿಗಾಗಿ ಬರೆದದ್ದಲ್ಲವೆಂಬುದೇ ವಿಶೇಷ. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿಯಲ್ಲಿ ೧೮೫೭ರಲ್ಲಿ ಬೇಡರು ಆಯುಧ ಒಪ್ಪಿಸಬೇಕೆಂಬ ಸರಕಾರದ ಆಜ್ಞೆಗೆ ಸೊಪ್ಪು ಹಾಕಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಸಿಕ್ಕವರಲ್ಲಿ ಹತ್ತೊಂಬತ್ತು ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಆ ಮೇಲೆ ಹುಟ್ಟಿದ ಲಾವಣಿಯನ್ನು ಸರಕಾರದ ಅಧಿಕಾರಿಯೇ ಆಗಿದ್ದ ಫ್ಲೀಟ್ ಸಾಹೇಬನು ಸಂಗ್ರಹಿಸಿ ಅಚ್ಚು ಮಾಡಿಸಿದ. ಈ ಲಾವಣಿ ನಮ್ಮ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಸೇರಿದ್ದು ಪಠ್ಯ ಸಮಿತಿಗಳು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಲಾವಣಿಕಾರನ ಜಾಣ್ಮೆಯನ್ನು ನೋಡಿ. ಜಡಗ, ಬಾಲ, ಹನುಮ, ರಾಮ ಎಂಬ ನಾಲ್ವರ ಹೆಸರನ್ನು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಬೇಡರು ಆಯುಧವನ್ನು ಏಕೆ ಬಿಡಲೊಲ್ಲರೆಂಬುದನ್ನೂ ಹೇಳುತ್ತಾನೆ. ಕೊನೆಗೆ ಲೂಟಿಯ ವರ್ಣನೆಗೆ ಬಂದಾಗ ಲೂಟಿ ಮಾಡುವವರು ಬೇಡರಲ್ಲ, ಸರಕಾರದ ದಂಡಿನವರು. ಅವರು ಹೊತ್ತೊಯ್ದದ್ದೇನು? ಕುಡುಗೋಲು, ನೇಗಿಲಿನ ಕಬ್ಬಿಣ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಊಟದ ಗಂಗಾಳ, ಕೊನೆಗೆ ಬೀಸುವ ಕಲ್ಲು ಕೂಡ. ಅಡಿಗೆಮನೆಯ ಈ ಬಡಪಟ್ಟಿಯನ್ನು ಓದಿದ ಹುಡುಗಿಗೆ ಕಳ್ಳನಾರೆಂಬ ಪ್ರಶ್ನೆಯನ್ನು 'ಮೇಷ್ಟರು' ಬಿಡಿಸಿ ಕೇಳಬೇಕಾಗಿಲ್ಲ. ಆದರೆ ಪಾಠದ ಕೊನೆಯ ಅಭ್ಯಾಸದಲ್ಲಿ ಹಲಗಲಿ ಎಲ್ಲಿದೆ, ನಾಲ್ವರು ಮುಖ್ಯಸ್ಥರು ಯಾರು ಎಂಬಂಥ ಒಂದು ವಾಕ್ಯದ ಪ್ರಶ್ನೆಗಳು ಮುಂದೆ ಬಂದು ನಿಲ್ಲುತ್ತವೆ. ಪರೀಕ್ಷೆಗೆ ಅಷ್ಟು ಸಾಕು. ಬೀಸುವ ಕಲ್ಲಿಗೆ ಅಂಕವಿಲ್ಲ.

ಇನ್ನೊಬ್ಬನ ಸ್ಥಿತಿ ಇದಕ್ಕಿಂತ ವಿಚಿತ್ರ. ಇಂದು ಮಹಾರಾಷ್ಟ್ರಕ್ಕೆ ಸೇರಿದ ಜತ್ತ ತಾಲ್ಲೂಕಿನ ಸಿಂಧೂರಿನ ಲಕ್ಷ್ಮಣ, ಬೇಡರವನು, ೧೯೨೦ರ ಆಸುಪಾಸಿನಲ್ಲಿ ಸಾಹುಕಾರರನ್ನು ದೋಚಿ ಬಡವರಿಗೆ ಹಂಚಿದನೆಂದು ವಿಜಯಪುರ ಬಾಗಲಕೋಟೆಯ ಕಡೆ ಜನ ನಂಬಿದ್ದಾರೆ. ೧೯೨೨ರಲ್ಲಿ ಬೀಳಗಿ ಸೀಮೆಯಲ್ಲಿ ನಂಬಿದವರ ಮೋಸದಿಂದ ಪೊಲೀಸರ ಕೈಯಲ್ಲಿ ಸತ್ತ. ಕಂಪನಿ ನಾಟಕಗಳು ಅವನನ್ನು ಬದುಕಿಸಿದವು. ನಟ ಸುಧೀರರು ಆ ಪಾತ್ರದಿಂದಲೇ ಉತ್ತರ ಕರ್ನಾಟಕದಲ್ಲಿ ಮನೆಮಾತಾದರು. ಹುಣಸೂರು ಕೃಷ್ಣಮೂರ್ತಿಯವರು ೧೯೭೭ರಲ್ಲಿ ಚಿತ್ರ ತೆಗೆದರು. ಜಾತ್ರೆಯ ನಾಟಕದಲ್ಲಿ ತಾಯಿಯ ಮಡಿಲಲ್ಲಿ ಅರೆನಿದ್ದೆ ಮಾಡುತ್ತಾ ಲಕ್ಷ್ಮಣನನ್ನು ಕಂಡ ಮಕ್ಕಳು ಸಾವಿರಾರು. ಆದರೆ ಅವನನ್ನು ಕುರಿತು ಮಕ್ಕಳು ಕೈಯಲ್ಲಿ ಹಿಡಿದು ಓದುವಂಥ ಒಂದು ಒಳ್ಳೆಯ ಪುಸ್ತಕ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ರಾಯಣ್ಣನಿಗೆ ಕಿತ್ತೂರಿನ ಸಿಂಹಾಸನವಿತ್ತು. ಅದರ ನೆರಳಿನಲ್ಲಿ ಅವನನ್ನು ದೇಶಭಕ್ತರ ಸಾಲಿಗೆ ಸೇರಿಸುವುದು ಸುಲಭವಾಯಿತು. ಲಕ್ಷ್ಮಣನಿಗೆ ಸಿಂಹಾಸನವಿಲ್ಲ. ಅವನನ್ನು ತೊಳೆಯುವುದು ಕಷ್ಟ. ತೊಳೆಯದೆ ಒಳಗೆ ಕರೆಯುವುದಕ್ಕೆ ನಮಗೆ ಸಂಕೋಚ.

ಈ ಸಂಕೋಚಕ್ಕೆ ಅರ್ಥವಿಲ್ಲವೆಂದು ನಾನು ಹೇಳಲಾರೆ. ದೋಚುವುದು ಸರಿಯೆಂದು ಮಕ್ಕಳಿಗೆ ಕಲಿಸಬೇಕೆ ಎಂದು ತಾಯಿತಂದೆಯರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಬಳ್ಳಾರಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಊರ ನಡುವೆ ಎತ್ತರದ ಬುರುಜು ನಿಂತಿರುವುದನ್ನು ವಾಚಕರು ಕಂಡಿರಬಹುದು. ನಮ್ಮ ಕಡೆ ಅದನ್ನು ಹುಡೇವು ಎನ್ನುತ್ತಾರೆ. ಕಾಳು ಕಡಿಯನ್ನು, ಹೆಣ್ಣುಮಕ್ಕಳನ್ನು ಉಳಿಸಿಕೊಳ್ಳುವುದಕ್ಕಾಗಿ, ದೂರದಿಂದಲೇ ಧೂಳೆಬ್ಬಿಸಿ ಬರುವ ಕುದುರೆಗಳನ್ನು ನೋಡುವುದಕ್ಕಾಗಿ ಕಟ್ಟಿದ್ದು ಅದು. ೧೮೧೬ರಲ್ಲಿ ಗುಂಟೂರಿನವರೆಗೆ ನುಗ್ಗಿದ ಪಿಂಡಾರಿಗಳಿಗೆ ಬಡವ ಬಲ್ಲಿದನೆಂಬ ಭೇದವಿರಲಿಲ್ಲ. ದೋಚುವವನ ಪದವನ್ನು ಹಾಡಿದವರು ಬಹಳ; ದೋಚಿಸಿಕೊಂಡವನ ಪದ ಕಡಿಮೆ. ಅವನ ಪಾಲಿಗೆ ಉಳಿದದ್ದು ಮಾತಾಡದ ಈ ಕಲ್ಲುಮಣ್ಣಿನ ಹುಡೇವು. ಒಳ್ಳೆಯ ಮಕ್ಕಳ ಪುಸ್ತಕಕ್ಕೆ ಇದೂ ಬೇಕು. ಬಾಗಿಲು ಒಡೆದ ರಾತ್ರಿ ಆ ಮನೆಯೊಳಗೂ ಒಂದು ಮಗುವಿತ್ತಲ್ಲವೆ? ಆ ಮಗುವಿಗೆ ಖಜಾನೆಯೂ ಗೊತ್ತಿಲ್ಲ, ಕಂದಾಯವೂ ಗೊತ್ತಿಲ್ಲ. ದೇಶಭಕ್ತಿಯ ಅಚ್ಚಿನಲ್ಲಿ ಆ ಮಗುವಿಗೂ ಎಡೆಯಿಲ್ಲ. ಹಾಗಾಗಿ ಕಳವನ್ನು ಮುಚ್ಚಿಟ್ಟು ನಾವು ನೀತಿಯನ್ನು ಕಾಪಾಡಿದೆವೆಂದುಕೊಳ್ಳುವುದು ಭ್ರಮೆ. ಕಳವನ್ನು ಹೇಳಿದರೆ ತಾನೆ ಅದರ ನ್ಯಾಯಾನ್ಯಾಯದ ಮಾತು ಬರುವುದು?

ಮಕ್ಕಳಿಗೆ ನಾವು ಎಲ್ಲಕ್ಕಿಂತ ಹೆಚ್ಚು ಬಾರಿ ಹೇಳುವ ದರೋಡೆಕೋರನ ಕಥೆ ವಾಲ್ಮೀಕಿಯದು. ಈ ಕಥೆ ವಾಲ್ಮೀಕಿ ರಾಮಾಯಣದಲ್ಲಿಲ್ಲ; ಅಧ್ಯಾತ್ಮ ರಾಮಾಯಣ, ಸ್ಕಾಂದ ಪುರಾಣ ಮೊದಲಾದ ಈಚಿನ ಗ್ರಂಥಗಳಲ್ಲಿದೆ. ಬಂಗಾಳದಲ್ಲಿ ಕೃತ್ತಿವಾಸನ ರಾಮಾಯಣ ಅದನ್ನು ರತ್ನಾಕರನೆಂಬ ಹೆಸರಿನಲ್ಲಿ ಮನೆಮನೆಗೆ ಮುಟ್ಟಿಸಿತು. ಪಾಪದಲ್ಲಿ ಪಾಲು ತೆಗೆದುಕೊಳ್ಳುವಿರಾ ಎಂದು ದರೋಡೆಕೋರ ಹೆಂಡತಿ ಮಕ್ಕಳನ್ನು ಕೇಳುತ್ತಾನೆ, ಅವರು ಒಲ್ಲೆವೆನ್ನುತ್ತಾರೆ. ಅನ್ನದಲ್ಲಿ ಪಾಲುಂಟು, ಪಾಪದಲ್ಲಿಲ್ಲ! ಮಕ್ಕಳ ಮುಂದೆ ಇಡಬಹುದಾದ ಎಂಥ ಗಟ್ಟಿಯಾದ ಪ್ರಶ್ನೆ! ಆದರೆ ನಾವು ಆ ಪ್ರಶ್ನೆಯನ್ನು ಹಾರಿ, ಕೊನೆಯ ಹುತ್ತಕ್ಕೂ ರಾಮನಾಮಕ್ಕೂ ಓಡುತ್ತೇವೆ. ಮಗುವಿನ ತಲೆಯಲ್ಲಿ ಉಳಿಯುವುದು ಬೇಡನೆಂದರೆ ಮೊದಲು ಕಳ್ಳನಾಗಿದ್ದವನೆಂಬ ಮಾತೊಂದೇ. ತಮ್ಮನ್ನು ವಾಲ್ಮೀಕಿ ಕುಲದವರೆಂದು ಕರೆದುಕೊಳ್ಳುವ ನಾಯಕ ಜನಾಂಗದವರು ಈ ಕಥೆಗೆ ಆಕ್ಷೇಪಣೆ ತಂದರೆ ಅದನ್ನು ಅತಿಸೂಕ್ಷ್ಮತೆಯೆಂದು ತಳ್ಳಿಹಾಕುವಂತಿಲ್ಲ. ನಮ್ಮ ತಾಲ್ಲೂಕಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ನಾಯಕ, ತಳವಾರ ಎಂಬ ಹೆಸರುಗಳು ಸಾಲುಸಾಲಾಗಿವೆ. ಮುಂದಿನ ಬೆಂಚಿನಲ್ಲಿ ಕುಳಿತು ಕಥೆ ಕೇಳುವ ಮಗು ಅವರದೇ.

ಈ ನೋವಿಗೆ ಕಥೆಯಷ್ಟೇ ಕಾರಣವಲ್ಲ, ಕಾನೂನೂ ಕಾರಣ. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿನಿಂದಲೇ ಕಳ್ಳರೆಂದು ಕೆಲವು ಜನಾಂಗಗಳ ಪಟ್ಟಿ ಮಾಡಿತು. ೧೯೧೧ರಲ್ಲಿ ಅದು ಮದರಾಸು ಪ್ರಾಂತಕ್ಕೂ, ಅಂದರೆ ಅಂದಿನ ಬಳ್ಳಾರಿಗೂ ಬಂದಿತು. ಉಪ್ಪು ಧಾನ್ಯಗಳನ್ನು ಎತ್ತು ಕತ್ತೆಗಳ ಮೇಲೆ ಹೇರಿ ಊರೂರಿಗೆ ಮುಟ್ಟಿಸುತ್ತಿದ್ದ ಕೊರಚರು ರೈಲು ಬಂದ ಮೇಲೆ ಕಸುಬು ಕಳೆದುಕೊಂಡರು. ಕಸುಬು ಹೋದವರನ್ನು ಕಾಯಿದೆ ಕಳ್ಳರ ಪಟ್ಟಿಗೆ ಸೇರಿಸಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಇಂಥವರನ್ನು ತಂತಿಬೇಲಿಯ ಒಳಗೆ ಇರಿಸಿದ ಜಾಗಕ್ಕೆ ಇಂದಿಗೂ ಸೆಟ್ಲಮೆಂಟು ಎಂಬ ಹೆಸರು ಉಳಿದಿದೆ. ೧೯೫೨ರ ಆಗಸ್ಟ್ ೩೧ರಂದು ಕಾಯಿದೆ ರದ್ದಾಯಿತು. ಆದರೆ ಹುಟ್ಟು ಕಳ್ಳನೆಂಬ ಕಲ್ಪನೆ ಕಾಯಿದೆಯ ಪುಸ್ತಕದಿಂದ ಹೋದರೂ ಕಥೆಯ ಪುಸ್ತಕದಿಂದ ಹೋಗಲಿಲ್ಲ. ಹೆಸರಿಲ್ಲದ ಆ ಕಳ್ಳ, ಊರಿಲ್ಲದ, ಹಸಿವಿಲ್ಲದ, ಕದಿಯುವುದಕ್ಕೆಂದೇ ಹುಟ್ಟಿದ ಆ ಪೆದ್ದ, ಈ ಕಾಯಿದೆಯ ತಮ್ಮನಂತೆ ನನಗೆ ಕಾಣುತ್ತಾನೆ.

ದೊಡ್ಡವರ ಸಾಹಿತ್ಯದಲ್ಲಿ ನಾವು ಇಷ್ಟು ಹಿಂದುಳಿದಿಲ್ಲ. ನಮ್ಮ ಸೀಮೆಯವರೇ ಆದ ಕುಂ. ವೀರಭದ್ರಪ್ಪನವರ ‘ಅರಮನೆ’ ೨೦೦೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಮನ್ರೋ ಸಾಹೇಬನೂ ಪಾಳೆಯಗಾರರೂ ಹಳ್ಳಿಯ ಜನವೂ ಅದರಲ್ಲಿ ಒಂದೇ ಸಂತೆಯಲ್ಲಿ ನೆರೆದಿದ್ದಾರೆ. ಯಾರೊಬ್ಬರನ್ನೂ ಮಡಿಯುಡಿಸಿ ನಿಲ್ಲಿಸಿಲ್ಲ. ದರೋಜಿಯ ಬುರ್ರಕಥೆ ಈರಮ್ಮ ಓದು ಬರಹವಿಲ್ಲದೆ ಕುಮಾರರಾಮನ ಕಥೆಯನ್ನೂ ಅಂಥ ಎಷ್ಟೋ ದೀರ್ಘ ಕಾವ್ಯಗಳನ್ನೂ ನಾಲಗೆಯ ಮೇಲೆ ಇಟ್ಟುಕೊಂಡಿದ್ದಳು. ಬುರ್ರಕಥೆಯ ರಾತ್ರಿಗಳಲ್ಲಿ ಇದು ದೊಡ್ಡವರಿಗೆ, ಇದು ಮಕ್ಕಳಿಗೆ ಎಂಬ ವಿಂಗಡಣೆ ಇರಲಿಲ್ಲ. ಮೋಸ, ಕೊಲೆ, ಹಸಿವು ಎಲ್ಲವನ್ನೂ ಮಕ್ಕಳೂ ಕೇಳಿದರು, ಕೇಳಿ ಕೆಡಲಿಲ್ಲ. ಈರಮ್ಮ ೨೦೧೪ರಲ್ಲಿ ತೀರಿಕೊಂಡಳು. ಅವಳು ಮಕ್ಕಳ ಮೇಲೆ ಇಟ್ಟಿದ್ದ ನಂಬಿಕೆಯಲ್ಲಿ ನಾಲ್ಕಾಣೆಯಷ್ಟು ನಮ್ಮ ಶಿಶುಸಾಹಿತಿಗಳಿಗೆ ಬಂದರೂ ಸಾಕಾಗಿತ್ತು.

ಹಾಗಾದರೆ ಏನು ಬರೆಯಬೇಕೆಂದು ಯಾರಾದರೂ ಕೇಳಬಹುದು. ವಿಮರ್ಶಕನು ಲೇಖಕನಿಗೆ ಅಡಿಗೆ ಕಲಿಸುವುದು ಶೋಭಿಸುವುದಿಲ್ಲ. ಹಸಿವಾಗಿದೆಯೆಂದು ಹೇಳುವ ಹಕ್ಕು ಮಾತ್ರ ಅವನಿಗುಂಟು. ಎರೆ ಹೊಲದ ಒಂದು ಊರಿನಲ್ಲಿ ಇಬ್ಬರು ಗೆಳೆಯರು ಇರಲಿ. ಒಬ್ಬನ ಅಪ್ಪನಿಗೆ ತಳವಾರಿಕೆಯ ಹೊಲವಿರಲಿ, ಇನ್ನೊಬ್ಬನ ಅಪ್ಪ ಲೆಕ್ಕ ಬರೆಯಲಿ. ಒಂದು ವರ್ಷ ಹೊಲವನ್ನು ಅಳೆಯುವ ಸಾಹೇಬನ ಸರಪಣಿ ಬರಲಿ. ಮೊದಲನೆಯವನ ಹೊಲ ಎರಡನೆಯವನ ಅಪ್ಪನ ಪುಸ್ತಕದಲ್ಲಿ ಬೇರೆ ಹೆಸರಿಗೆ ಹೋಗಲಿ. ಬೆಳೆದ ಮೇಲೆ ಒಬ್ಬ ಆ ಪುಸ್ತಕ ಸುಡಲು ಬರಲಿ, ಇನ್ನೊಬ್ಬ ಬಾಗಿಲಲ್ಲಿ ನಿಂತಿರಲಿ. ವೀರನಾರು, ಕಳ್ಳನಾರು ಎಂಬುದನ್ನು ಲೇಖಕನು ಹೇಳುವ ಅಗತ್ಯವೇ ಬೀಳುವುದಿಲ್ಲ. ಇದನ್ನು ಕಲ್ಪಿಸಿಕೊಳ್ಳುವುದಕ್ಕೆ ಬಂಗಾಳಕ್ಕೂ ಹೋಗಬೇಕಾಗಿಲ್ಲ. ನಮ್ಮ ಗ್ರಾಮಚಾವಡಿಯ ಹಳೆಯ ದಫ್ತರಗಳಲ್ಲಿ, ಮಾನ್ಯದ ಹೊಲಗಳ ಉಳಿದುಕೊಂಡ ಹೆಸರುಗಳಲ್ಲಿ ಬೇಕಾದಷ್ಟು ಸಾಮಗ್ರಿಯಿದೆ.

ಕಾವಲು ಕಾಯುತ್ತಿದ್ದವನ ಹೊಲ ಕಿತ್ತುಕೊಂಡು, ಆಯುಧ ಕಿತ್ತುಕೊಂಡು, ಆಮೇಲೆ ಅವನಿಗೆ ಕಳ್ಳನೆಂಬ ಹೆಸರಿಟ್ಟದ್ದು ಆಗಿನ ಸರಕಾರ. ಇನ್ನೂರು ವರ್ಷದ ಮೇಲೆ ನಮ್ಮ ಲೇಖಕರು ಅವನಿಗೆ ವೀರನೆಂಬ ಹೆಸರಿಟ್ಟರು. ಹೊಲದ ಮಾತನ್ನು ಅವರೂ ಎತ್ತಲಿಲ್ಲ. ಮಕ್ಕಳಿಗೆ ಹೆಸರಿಗಿಂತ ಮೊದಲು ಹೊಲದ ಕಥೆಯನ್ನು ಹೇಳೋಣ. ಯಾವ ಹೆಸರು ಇಡಬೇಕೆಂಬುದನ್ನು ಅವರೇ ತೀರ್ಮಾನಿಸಿಯಾರು.